ತಲೆಗೆ ಹಚ್ಚಿದ ಬಿಳಿ

ಹೋದ ತಿಂಗಳು ಒಂದು ರಾತ್ರಿ. ಒಂಬತ್ತೂವರೆ ಇರಬೇಕು. ಪಾತ್ರೆ ತೊಳೆದು ಅಡುಗೆಮನೆ ಕಟ್ಟೆ ಒರೆಸುತ್ತಿದ್ದೆ, ಬೆಲ್ ಆಯಿತು. ಬಾಗಿಲು ತೆಗೆದರೆ ಮೇಲಿನ ಮನೆಯ ಹುಡುಗಿ. ನೈಟಿ ಮೇಲೊಂದು ಟವೆಲ್ ಹೊದ್ದುಕೊಂಡಿದ್ದಾಳೆ. ಕಿವಿಯ ಎರಡೂ ಕಡೆ ಕೂದಲು ಬೂದಿ ಬಳಿದ ಹಾಗೆ ಬೆಳ್ಳಗಿದೆ. ಒಂದು ಗಳಿಗೆ, ಊರಿಂದ ಅವಳ ತಾಯಿ ಬಂದಿದ್ದಾರೇನೋ ಅಂದುಕೊಂಡೆ. ‘ಅಕ್ಕಾ, ಕೊಬ್ಬರಿ ಎಣ್ಣೆ ಇದ್ಯಾ? ನಮ್ಮನೇಲಿ ಖಾಲಿಯಾಗಿದೆ. ಇದು ಎರಡು ಸಲ ತೊಳೆದ್ರೂ ಹೋಗ್ತಿಲ್ಲ’ ಎಂದಳು. ಅವಳು ಧಾರಾವಾಹಿಗಳಲ್ಲಿ ನಟಿಸುತ್ತಾಳೆ. ಅವತ್ತು ಹೊಸ ಧಾರಾವಾಹಿಯ ಮೊದಲ ದಿನದ ಶೂಟಿಂಗ್ ಮುಗಿಸಿ ಬಂದಿದ್ದಳು. ಪಾತ್ರ ನಾಯಕನ ತಾಯಿಯದು. ಅವಳಿಗೆ 33. ನಾಯಕನಿಗೆ 29.

ಒಳಗೆ ಕರೆದು ಕೂರಿಸಿದೆ. ಎಣ್ಣೆ ಬಟ್ಟಲು ಮುಂದಿಟ್ಟುಕೊಂಡು ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಉಜ್ಜುತ್ತಾ ಕೂತಳು. ಬೆರಳೆಲ್ಲ ಬಿಳಿ. ‘ಬೇಜಾರಾಯ್ತಾ?’ ಎಂದು ಕೇಳಿದೆ. ನಾನೇ ಬೇಜಾರಾದ ಮುಖ ಮಾಡಿಕೊಂಡಿದ್ದೆ ಅಂತ ಕಾಣುತ್ತೆ, ಅವಳು ನಕ್ಕುಬಿಟ್ಟಳು. ‘ಯಾಕಕ್ಕ ಬೇಜಾರು? ತಿಂಗಳಿಗೆ ಹದಿನೈದು ದಿನ ಕೆಲಸ ಇರುತ್ತೆ. ಹೀರೋಯಿನ್ ಮಾಡಿದ್ರೆ ಎರಡು ವರ್ಷಕ್ಕೆ ಮುಖ ಹಳೇದಾಯ್ತು ಅಂತಾರೆ. ಅಮ್ಮ ಮಾಡಿದ್ರೆ ಮುಖ ಹಳೇದಾದಷ್ಟೂ ಅವರಿಗೇ ಒಳ್ಳೇದು.’ ಇಷ್ಟು ಹೇಳಿ, ಎಣ್ಣೆಗೆ ಥ್ಯಾಂಕ್ಸ್ ಹೇಳಿ ಹೋದಳು. ಅವಳು ನೆಮ್ಮದಿಯಾಗಿ ಮಲಗಿರಬೇಕು. ನಿದ್ದೆ ಬರದೇ ಹೊರಳಾಡಿದ್ದು ನಾನು. (ನನ್ನ ಸಂಕಟಕ್ಕೆ ಬೇರೆ ಕಾರಣವೂ ಇತ್ತು ಅನ್ನಿ. ಅದೇ ವಾರ ನಮ್ಮ ಬೀದಿಯ ಸೊಪ್ಪಿನವನು, ಹತ್ತು ವರ್ಷದಿಂದ ‘ಅಕ್ಕ’ ಅನ್ನುತ್ತಿದ್ದವನು, ಮೊದಲ ಸಲ ‘ಅಮ್ಮಾ, ದಂಟು ತಾಜಾ ಇದೆ’ ಅಂದಿದ್ದ. ದಂಟು ತಗೊಳ್ಳಲಿಲ್ಲ.)

ಆ ರಾತ್ರಿ ನೆನಪಾದವರು ಪಂಡರಿಬಾಯಿ.

ತಿಪಟೂರಿನಲ್ಲಿ ನಮ್ಮ ಅಜ್ಜಿ ಮನೆ. 90ರ ದಶಕದ ಮೊದಲ ವರ್ಷಗಳು. ಭಾನುವಾರ ದೂರದರ್ಶನದಲ್ಲಿ ಕನ್ನಡ ಸಿನಿಮಾ ಅಂದರೆ ಅಕ್ಕಪಕ್ಕದ ನಾಲ್ಕು ಮನೆಯವರು ನಡುಮನೆಯಲ್ಲಿ ಜಮಾಯಿಸುತ್ತಿದ್ದರು. ಮಾವ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ನಾವು ಕೆಳಗಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು, ಎಲ್ಲ ನಿಮಗೂ ಗೊತ್ತಿರುವುದೇ. ಅವತ್ತು ‘ಅನುರಾಗ ಅರಳಿತು’. ಊರು ಬಿಟ್ಟು ದೂರದಲ್ಲಿದ್ದ ಮಗ, ಕಾಯಿಲೆಯ ತಾಯಿಗಾಗಿ ವಾಪಸು ಬಂದು ಅವಳನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಮಗ ರಾಜ್‌ಕುಮಾರ್, ತಾಯಿ ಪಂಡರಿಬಾಯಿ. ಹೆಂಗಸರೆಲ್ಲ ಆಗಲೇ ಸೆರಗಿನ ತುದಿ ಹುಡುಕುತ್ತಿದ್ದರು. ಅಜ್ಜಿ ಮಾತ್ರ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಪರದೆಯ ಕಡೆ ಕತ್ತರಿ ತೋರಿಸಿ ಅಂದರು: ‘ಏ, ಇವ್ಳು ಪಂಡ್ರಿಬಾಯಿ ಕಣೇ. ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರಂಗೆ ಹೆಂಡ್ತಿಯಾಗಿದ್ಲು. ಗಾಡಿ ಕಟ್ಕೊಂಡ್ ಹೋಗಿ ಟೆಂಟಲ್ಲಿ ನೋಡಿದ್ವಿ ನಾವು.’

ನನಗೆ ಹತ್ತು ವರ್ಷ. ತಲೆ ಗಿರ್ರೆಂದಿತು. ‘ಹೆಂಡ್ತಿ ಅಮ್ಮ ಹೇಗಾಗ್ತಾಳೆ ಅಜ್ಜಿ?’ ಎಂದು ಕೇಳಿದೆ. ‘ಎಲ್ಲಾ ಮನೇಲೂ ಹಂಗೇ ಅಲ್ವೇನೇ ಆಗೋದು’ ಎಂದು ಅಜ್ಜಿ ಎಲೆಗೆ ಸುಣ್ಣ ಸವರಿದರು. ನಡುಮನೆಯ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಮೂಲೆಯ ಕುರ್ಚಿಯಲ್ಲಿದ್ದ ತಾತ ನಗಲಿಲ್ಲ. ಅಜ್ಜಿಯ ಮಾತು ಯಾರ ಮೇಲೆ ಅಂತ ಆಗ ಗೊತ್ತಾಗಿರಲಿಲ್ಲ. ತಾತನಿಗೆ ಬಿಸಿನೀರು ಕಾಯಿಸಿ, ಟವೆಲ್ ಕೊಟ್ಟು, ಮಾತ್ರೆ ಎಣಿಸಿ ಕೊಡುತ್ತಿದ್ದವರು ಅಜ್ಜಿಯೇ.

ಒಂದೇ ಮುಖ, ಎರಡು ಸಂಬಂಧ

‘ಬೇಡರ ಕಣ್ಣಪ್ಪ’ ಬಂದದ್ದು 1954ರಲ್ಲಿ. ಮುತ್ತುರಾಜ ರಾಜ್‌ಕುಮಾರ್ ಆದ ಚಿತ್ರ, ಎಚ್.ಎಲ್.ಎನ್. ಸಿಂಹರ ನಿರ್ದೇಶನ. ಕಣ್ಣಪ್ಪನಾಗುವ ಬೇಡ ದಿಣ್ಣ, ಅವನ ಹೆಂಡತಿ ನೀಲಾ. ಅಲ್ಲಿಂದ 1986ರ ‘ಅನುರಾಗ ಅರಳಿತು’ ಹೊತ್ತಿಗೆ 32 ವರ್ಷ. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಪಂಡರಿಬಾಯಿ ಅವರ ಓರಗೆಯವರು. ಅಂದರೆ ಆ ಚಿತ್ರದ ಶೂಟಿಂಗ್ ನಡೆಯುವಾಗ ಮಗನಿಗೂ ತಾಯಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದೇ ಕಥೆಯನ್ನು 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಎಂದು ತೆಗೆದರು. ಮಗ ಬದಲಾದ, ರಜನಿಕಾಂತ್ ಬಂದರು. ತಾಯಿ ಬದಲಾಗಲಿಲ್ಲ. ಅದೇ ಪಂಡರಿಬಾಯಿ.

ತಮಿಳಿನಲ್ಲೂ ಅವರ ದಾರಿ ಹೀಗೆಯೇ. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ, 1952ರ ‘ಪರಾಶಕ್ತಿ’ಗೆ ನಾಯಕಿ ಪಂಡರಿಬಾಯಿ. ದಕ್ಷಿಣದ ಇಬ್ಬರು ದೊಡ್ಡ ನಾಯಕರ ಮೊದಲ ನಾಯಕಿ ಒಬ್ಬರೇ, ಭಟ್ಕಳದ ಹೆಣ್ಣುಮಗಳು. ಆಮೇಲೆ 1968ರಲ್ಲಿ ‘ಕುಡಿಯಿರುಂದ ಕೋಯಿಲ್’ನಲ್ಲಿ ಎಂ.ಜಿ.ಆರ್. ತಾಯಿಯಾದರು. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. ಮಗನಿಗಿಂತ ತಾಯಿ ಹತ್ತು ವರ್ಷಕ್ಕೂ ಜಾಸ್ತಿ ಚಿಕ್ಕವಳು! ಆದರೆ ನನಗೆ ಇದಕ್ಕಿಂತ ವಿಚಿತ್ರವಾಗಿ ಕಂಡದ್ದು 1973ರ ‘ಗೌರವಂ’. ಅದರಲ್ಲಿ ಶಿವಾಜಿಗೆ ಎರಡು ಪಾತ್ರ. ಒಬ್ಬ ಹಮ್ಮಿನ ಬ್ಯಾರಿಸ್ಟರ್, ಇನ್ನೊಬ್ಬ ಆತ ಸಾಕಿ ಬೆಳೆಸಿದ ತಮ್ಮನ ಮಗ. ಪಂಡರಿಬಾಯಿ ಬ್ಯಾರಿಸ್ಟರನ ಹೆಂಡತಿ. ಅಂದರೆ ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಿನಲ್ಲಿ, ಒಂದೇ ಮುಖಕ್ಕೆ ಹೆಂಡತಿಯೂ ಆಗಬೇಕು, ಸಾಕಿದ ತಾಯಿಯೂ ಆಗಬೇಕು. ಗಂಡಸು ತನ್ನನ್ನು ಎರಡು ಮಾಡಿಕೊಂಡು ಒಂದರಲ್ಲಿ ಮುದುಕನಾಗಿ, ಇನ್ನೊಂದರಲ್ಲಿ ಯುವಕನಾಗಿ ಉಳಿದ. ಅವನ ಜೊತೆಯವಳಿಗೆ ಆ ಎರಡನೆಯದು ಇಲ್ಲ.

ಇದನ್ನು ಓದಿ ‘ಅದು ತಮಿಳಿನವರ ಕಥೆ’ ಅನ್ನಬೇಡಿ. ನಮ್ಮಲ್ಲೂ ಇದೆ, ನೀವೆಲ್ಲ ಹತ್ತು ಸಲ ನೋಡಿದ್ದೀರಿ. 1977ರ ‘ಬಬ್ರುವಾಹನ’. ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಎಂದು ಶುರುವಾದರೆ ಈಗಲೂ ನಮ್ಮ ಮನೆಯಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಆ ಜಗಳದಲ್ಲಿ ಎರಡೂ ಕಡೆಯೂ ಅಣ್ಣಾವ್ರೇ ಇದ್ದಾರೆ ಎನ್ನುವುದೇ ನಮಗೆ ಖುಷಿ. ಈ ಇಬ್ಬರ ನಡುವೆ ಒಬ್ಬಳು ಚಿತ್ರಾಂಗದೆ ಇದ್ದಾಳಲ್ಲ, ಅವಳು ಬಿ. ಸರೋಜಾದೇವಿ. ಗಂಡನ ಮುಖ, ಮಗನ ಮುಖ ಒಂದೇ. ಮಗನ ಕೈಯಿಂದ ಗಂಡ ಸಾಯುತ್ತಾನೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶನೂ ಇಷ್ಟು ಯೋಚಿಸಿರಲಿಕ್ಕಿಲ್ಲ. ಕೊಂದವನಿಗೂ ಸತ್ತವನಿಗೂ ಒಂದೇ ಮುಖ ಇಟ್ಟು, ಅವಳನ್ನು ನಡುವೆ ನಿಲ್ಲಿಸಿ ಅಳು ಅಂದರೆ ಹೇಗೆ ಅಳುತ್ತಾಳೆ? ಈ ಪ್ರಶ್ನೆ ನನಗೆ ಬಂದದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ನಾನೂ ಎಲ್ಲರ ಹಾಗೆ ಬಬ್ರುವಾಹನನ ಬಿಲ್ಲನ್ನೇ ನೋಡುತ್ತಿದ್ದೆ.

ಸರೋಜಾದೇವಿಯವರು 2025ರ ಜುಲೈನಲ್ಲಿ ತೀರಿಕೊಂಡಾಗ ಟಿವಿಗಳಲ್ಲಿ ಇಡೀ ದಿನ ಲೆಕ್ಕ ನಡೆಯಿತು. ಎಂ.ಜಿ.ಆರ್. ಜೊತೆ ಇಷ್ಟು ಚಿತ್ರ, ಶಿವಾಜಿ ಜೊತೆ ಇಷ್ಟು, ರಾಜ್‌ಕುಮಾರ್ ಜೊತೆ ಇಷ್ಟು. ಎಂ.ಜಿ.ಆರ್. ಹೋದಾಗ ‘ಸರೋಜಾದೇವಿ ಜೊತೆ ಇಷ್ಟು ಚಿತ್ರ ಮಾಡಿದ್ದ ನಟ’ ಎಂದು ಯಾರಾದರೂ ಶುರು ಮಾಡಿದ್ದರೇ? ಅಂಥ ಲೆಕ್ಕದಲ್ಲಿ ತಾಯಿ ಪಾತ್ರಗಳು ಬರುವುದೇ ಇಲ್ಲ. ಹಾಗಾಗಿ ಸರೋಜಾದೇವಿಯವರ ಪಟ್ಟಿ ಉದ್ದ, ಪಂಡರಿಬಾಯಿಯವರದು ಚಿಕ್ಕದು. ಆದರೆ ಪಂಡರಿಬಾಯಿ ಬಣ್ಣ ಹಚ್ಚಲು ಶುರು ಮಾಡಿದ್ದು 1943ರ ‘ವಾಣಿ’ಯಿಂದ, ರಾಜ್‌ಕುಮಾರ್ ನಾಯಕರಾಗುವ ಹನ್ನೊಂದು ವರ್ಷ ಮುಂಚೆ. 90ರ ದಶಕದಲ್ಲೂ ಕೆಲಸ ಮಾಡುತ್ತಿದ್ದರು. ಐವತ್ತು ವರ್ಷದ ದುಡಿಮೆಯಲ್ಲಿ ನಾಯಕಿಯಾಗಿದ್ದ ಕೆಲವೇ ವರ್ಷಗಳನ್ನು ಹಿಡಿದುಕೊಂಡು, ಉಳಿದದ್ದನ್ನೆಲ್ಲ ‘ಆಮೇಲೆ ಪೋಷಕ ಪಾತ್ರಗಳಿಗೆ ಇಳಿದರು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ‘ಇಳಿದರು.’ ನಾನೂ ಹಿಂದೊಮ್ಮೆ ಹಾಗೇ ಬರೆದಿದ್ದೆ.

ಅನ್ಯಾಯ ಅಂತ ಕೂಗಿದ್ದು

ಹೌದು, ನಾಲ್ಕೈದು ವರ್ಷದ ಹಿಂದೆ ಈ ವಿಷಯದ ಮೇಲೆ ಸಿಟ್ಟಿನಿಂದ ಒಂದು ಪುಟ ಬರೆದಿದ್ದೆ. ನಾಯಕ 71ನೇ ವಯಸ್ಸಿನಲ್ಲೂ ನಾಯಕ (2000ದ ‘ಶಬ್ದವೇಧಿ’, ಜೊತೆಗೆ ಜಯಪ್ರದಾ), ಅವನ ಓರಗೆಯವಳು ಯಾವತ್ತೋ ಅವನ ತಾಯಿ. ಎಂಥ ಅನ್ಯಾಯ ಅಂತ. ಅಣ್ಣಾವ್ರ ಅಭಿಮಾನಿಗಳು ಬೈದರು. ನಾನೂ ಅದೇ ಜಾತಿಯವಳು ಅಂದರೂ ಬಿಡಲಿಲ್ಲ. ಬೈದವರಲ್ಲಿ ಒಬ್ಬರು ಮಾತ್ರ ತೂಕದ ಮಾತು ಕೇಳಿದ್ದರು: ‘ಹಾಗಾದ್ರೆ ಅಶ್ವಥ್?’

ಅದಕ್ಕೆ ಉತ್ತರ ಹೊಳೆಯದೆ ಸುಮ್ಮನಾಗಿದ್ದೆ. ಕೆ.ಎಸ್. ಅಶ್ವಥ್ ಚಿತ್ರರಂಗಕ್ಕೆ ಬಂದದ್ದು ನಾಯಕನಾಗಿಯೇ, 1955ರ ‘ಸ್ತ್ರೀರತ್ನ’ದಲ್ಲಿ. ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೆ ಕನ್ನಡ ಚಿತ್ರರಂಗ ಅವರನ್ನು ಬೇಗನೇ ಅಪ್ಪನನ್ನಾಗಿ ಮಾಡಿತು, ಕೊನೆಯವರೆಗೂ ಅಪ್ಪನನ್ನಾಗಿಯೇ ಇಟ್ಟುಕೊಂಡಿತು. ಅವರು ಅದನ್ನು ಎಂಥ ಎತ್ತರಕ್ಕೆ ಒಯ್ದರು ಅನ್ನುವುದಕ್ಕೆ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರೇ ಸಾಕ್ಷಿ. ಹಾಗಿದ್ದರೆ ಗಂಡಸರಿಗೂ ತಲೆಗೆ ಬಿಳಿ ಹಚ್ಚುತ್ತಿದ್ದರು, ಅದರಲ್ಲಿ ಹೆಣ್ಣು ಗಂಡು ಏನಿಲ್ಲ ಅನ್ನಬಹುದೇ? ಸ್ವಲ್ಪ ಮಟ್ಟಿಗೆ ಅನ್ನಬಹುದು. ವ್ಯತ್ಯಾಸ ಎಲ್ಲಿದೆ ಅಂದರೆ, ಗಂಡಸರಿಗೆ ಎರಡು ದಾರಿ ಇತ್ತು. ಕೆಲವರು ಅಶ್ವಥ್ ಆದರು, ಕೆಲವರು ರಾಜ್‌ಕುಮಾರ್, ಎಂ.ಜಿ.ಆರ್., ಶಿವಾಜಿ ಆದರು. ಹೆಂಗಸರಲ್ಲಿ ಐವತ್ತು ದಾಟಿದ ಮೇಲೂ ಹಾಡು ಹೇಳಿಕೊಂಡು ಮರ ಸುತ್ತಿದವರು ಯಾರಿದ್ದಾರೆ ಹೇಳಿ?

ಇದಕ್ಕೆ ಒಂದು ಸಣ್ಣ ಅಪವಾದ ನೆನಪಾಗುತ್ತದೆ. ಎಂ.ವಿ. ರಾಜಮ್ಮ. 1936ರ ‘ಸಂಸಾರ ನೌಕೆ’ಯಲ್ಲಿ ಅವರು ನಾಯಕಿ, ಬಿ.ಆರ್. ಪಂತುಲು ನಾಯಕ. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಅದೇ ಇಬ್ಬರು ವಯಸ್ಸಾದ ಗಂಡ ಹೆಂಡತಿ. 22 ವರ್ಷದಲ್ಲಿ ರಾಜಮ್ಮನವರಿಗೆ ವಯಸ್ಸಾಯಿತು, ಪಂತುಲು ಅವರಿಗೂ ಆಯಿತು. ಗಂಡ ಮಗನಾಗಲಿಲ್ಲ, ಗಂಡನಾಗಿಯೇ ಮುದುಕನಾದ. ಆ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದವರು ಪಂತುಲು ಅವರೇ ಆದ್ದರಿಂದ ಇದು ಆಯಿತು ಅಂತ ನನಗನಿಸುತ್ತದೆ. ತಾನು ಯಾವ ವಯಸ್ಸಿನವನಾಗಿ ಕಾಣಬೇಕು ಅನ್ನುವುದನ್ನು ಅವರೇ ಗೊತ್ತು ಮಾಡಿಕೊಳ್ಳಬಹುದಿತ್ತು. ಮುದುಕನಾಗಲು ಅವರು ಹೆದರಲಿಲ್ಲ. ರಾಜಮ್ಮನವರೂ ಏನು ಕಡಿಮೆ ಇರಲಿಲ್ಲ. 1943ರಲ್ಲಿ ತಾವೇ ಹಣ ಹಾಕಿ ‘ರಾಧಾ ರಮಣ’ ತೆಗೆದವರು, ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ. ಜಿ.ವಿ. ಅಯ್ಯರ್, ಬಾಲಕೃಷ್ಣ ಅಂಥವರು ಚಿತ್ರರಂಗಕ್ಕೆ ಕಾಲಿಟ್ಟದ್ದು ಆ ಚಿತ್ರದಿಂದ. ಅದೇ ರಾಜಮ್ಮ 1964ರ ‘ಕರ್ಣನ್’ ತಮಿಳು ಚಿತ್ರದಲ್ಲಿ ಶಿವಾಜಿಯ ಕರ್ಣನಿಗೆ ಕುಂತಿ. ನಿರ್ದೇಶಕ ಮತ್ತೆ ಪಂತುಲು.

ಇನ್ನೊಬ್ಬರು ಲೀಲಾವತಿ. ಅವರದು ನೇರ ದಾರಿಯಲ್ಲ. 1960ರಲ್ಲಿ ‘ರಾಣಿ ಹೊನ್ನಮ್ಮ’, ‘ರಣಧೀರ ಕಂಠೀರವ’ ಎಂದು ನಾಯಕಿಯಾಗಿ ಮೆರೆದವರು, 1969ರ ‘ಗೆಜ್ಜೆಪೂಜೆ’ಯಲ್ಲಿ ಕಲ್ಪನಾಗೆ ತಾಯಿ. ಇಬ್ಬರ ನಡುವೆ ಐದಾರು ವರ್ಷದ ಅಂತರ ಅಷ್ಟೇ. ಅಕ್ಕ ತಂಗಿಯರಂತೆ ಇರಬಹುದಾಗಿದ್ದವರು ಅಮ್ಮ ಮಗಳಾದರು. ‘ನಾಗರಹಾವು’ ಬಂದಾಗ ಮೇಷ್ಟ್ರ ಹೆಂಡತಿ ತುಂಗಮ್ಮ. ಸರಿ, ಇನ್ನು ಮುಗಿಯಿತು ಅಂದುಕೊಂಡರೆ 1974ರ ‘ಭಕ್ತ ಕುಂಬಾರ’ದಲ್ಲಿ ಮತ್ತೆ ರಾಜ್‌ಕುಮಾರ್ ಹೆಂಡತಿ. ಅಮ್ಮನ ಪಾತ್ರ ಅಂದರೆ ಒಳಗೆ ಹೋದರೆ ಹೊರಗೆ ಬರಲಾಗದ ಬಾಗಿಲು ಅನ್ನುವ ನನ್ನ ಲೆಕ್ಕವನ್ನು ಅವರು ಕೆಡಿಸುತ್ತಾರೆ. ಕಲ್ಪನಾ ಅವರಂತೂ ಆ ಬಾಗಿಲ ತನಕ ಬರಲೇ ಇಲ್ಲ. 1979ರ ಮೇ ತಿಂಗಳಲ್ಲಿ ಹೋದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ನಮ್ಮ ಕಣ್ಣಲ್ಲಿ ಇವತ್ತಿಗೂ ಆ ಉದ್ದ ತೋಳಿನ ರವಿಕೆ, ಕೈತುಂಬ ಬಳೆ, ದೊಡ್ಡ ಉಂಗುರ ಹಾಗೇ ಇವೆ. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ. ಬರೆದವರು ಬೇಕಾದಷ್ಟು ಜನ ಇದ್ದಾರೆ.

ಗಣೇಶನ ಪೆಂಡಾಲಿನಲ್ಲಿ

ನನ್ನ ಸಿಟ್ಟು ಸ್ವಲ್ಪ ಬೇರೆ ದಿಕ್ಕಿಗೆ ತಿರುಗಿದ್ದು ಒಂದು ಹರಿಕಥೆಯಿಂದ. ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾದವರು ಕೈ ಕೊಟ್ಟರು. ಕೊನೇ ಗಳಿಗೆಯಲ್ಲಿ ಯಾರೋ ಒಬ್ಬ ವಯಸ್ಸಾದ ಮಹಿಳೆಯನ್ನು ಕರೆತಂದು ಹರಿಕಥೆ ಇಡಿಸಿದರು. ಕುರ್ಚಿಗಳು ಅರ್ಧ ಖಾಲಿ. ಹುಡುಗರು ಹಿಂದೆ ಮೊಬೈಲ್ ನೋಡುತ್ತಾ ನಿಂತಿದ್ದರು. ಆಕೆ ಒಂಬತ್ತು ಗಜದ ಸೀರೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಚಿಟಿಕೆ ಹಿಡಿದು ಹರಿಶ್ಚಂದ್ರನ ಕಥೆ ಎತ್ತಿಕೊಂಡರು. ಕತ್ತನ್ನು ಚೂರು ಈ ಕಡೆ ತಿರುಗಿಸಿದರೆ ಹರಿಶ್ಚಂದ್ರ. ಆ ಕಡೆ ತಿರುಗಿಸಿದರೆ ಚಂದ್ರಮತಿ. ಸ್ವಲ್ಪ ಬಾಗಿ ದನಿ ಸಣ್ಣ ಮಾಡಿದರೆ ಲೋಹಿತಾಶ್ವ. ಹಾವು ಕಚ್ಚಿದ ಮಗನನ್ನು ಎತ್ತಿಕೊಂಡು ಚಂದ್ರಮತಿ ಮಸಣಕ್ಕೆ ಬರುವಾಗ ಆಕೆಯ ಗಂಟಲು ನಿಜಕ್ಕೂ ಕಟ್ಟಿತ್ತು. ಮರುಗಳಿಗೆಯಲ್ಲೇ ತನ್ನ ದನಿಗೆ ಮರಳಿ, ‘ಆ ಹಿಂದಿನ ಮಕ್ಕಳೇ, ಚಾರ್ಜು ಮುಗಿದ ಮೇಲಾದ್ರೂ ಮುಂದೆ ಬನ್ನಿ’ ಎಂದು ಛೇಡಿಸಿದರು. ಎಲ್ಲರೂ ನಕ್ಕರು. ಮತ್ತೆ ಮಸಣಕ್ಕೆ ಹೋದರು. ಎರಡು ಗಂಟೆಯಲ್ಲಿ ಆಕೆ ಗಂಡ, ಹೆಂಡತಿ, ಮಗು, ಸಾಲ ವಸೂಲಿಯ ನಕ್ಷತ್ರಿಕ, ಎಲ್ಲ ಆದರು. ಆಕೆಗೆ ಎಪ್ಪತ್ತರ ಮೇಲಾಗಿತ್ತು. ಲೋಹಿತಾಶ್ವನಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳಲಿಲ್ಲ.

ಮನೆಗೆ ಬರುತ್ತಾ ದಾರಿಯಲ್ಲಿ ಥಟ್ಟನೆ ನೆನಪಾಯಿತು. ಪಂಡರಿಬಾಯಿ ಕೂಡ ಸಿನಿಮಾಕ್ಕೆ ಬರುವ ಮುಂಚೆ ಹರಿಕಥೆ ಮಾಡುತ್ತಿದ್ದವರು. ನಾಟಕ ಆಡಿದವರು. ಆ ಕಾಲದ ನಟಿಯರಲ್ಲಿ ಬಹುಪಾಲು ಜನ ಬಂದದ್ದು ಕಂಪನಿ ನಾಟಕಗಳಿಂದಲೇ. ರಾಜಮ್ಮ, ಗುಬ್ಬಿ ಕಂಪನಿಯ ಬಿ. ಜಯಮ್ಮ, ಮೈಸೂರಿನಲ್ಲಿ ಮಹಾಲಿಂಗ ಭಾಗವತರ ಕಂಪನಿಯಲ್ಲಿದ್ದ ಲೀಲಾವತಿ. ಕಂಪನಿಯಲ್ಲಿ ದನಿ ಇದ್ದವರಿಗೆ ಪಾತ್ರ. ಕಂದಪದ್ಯ ಹೇಳಿದರೆ ಹಿಂದಿನ ಚಾಪೆಯವರಿಗೆ ಕೇಳಿಸಬೇಕು. ಮುಖದ ಗೆರೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ಅದಕ್ಕೂ ಹಿಂದೆ ಗಂಡಸರೇ ದ್ರೌಪದಿ, ದಮಯಂತಿ ಆಗುತ್ತಿದ್ದರು. ಮೀಸೆ ಬೋಳಿಸಿಕೊಂಡ ನಲವತ್ತರ ಗಂಡಸು ಹದಿನಾರರ ಶಕುಂತಲೆ ಆಗಬಹುದಾದ ಕಡೆ, ಹೆಂಡತಿ ತಾಯಿಯಾಗುವುದು ಏನು ಮಹಾ? ಅದು ನಿಜವಾಗಿ ತೊಡಕಾದದ್ದು ಕ್ಯಾಮೆರಾ ಮುಖದ ಹತ್ತಿರಕ್ಕೆ ಬಂದ ಮೇಲೆ. ಕ್ಲೋಸಪ್ಪಿಗೆ ದನಿ ಸಾಲದು, ಚರ್ಮವೂ ಬೇಕು.

ಹಾಗಾಗಿ ಪಂಡರಿಬಾಯಿ ಅವರಿಗೆ ನೀಲಾಳಿಂದ ತಾಯಿಗೆ ಹೋದದ್ದು ‘ಇಳಿದ’ ಹಾಗೆ ಕಂಡಿತ್ತೋ, ಅಥವಾ ಕತ್ತನ್ನು ಆ ಕಡೆ ತಿರುಗಿಸಿದ ಹಾಗೆ ಕಂಡಿತ್ತೋ? 1954ರಲ್ಲೇ ಅವರು ಕಣ್ಣಪ್ಪನ ಹೆಂಡತಿಯಾದ ವರ್ಷವೇ ತಮಿಳಿನ ‘ಅಂದ ನಾಳ್’ ಕೂಡ ಬಂತು. ಹಾಡೇ ಇಲ್ಲದ ಚಿತ್ರ. ಅದರಲ್ಲಿ ದೇಶಕ್ಕೆ ದ್ರೋಹ ಬಗೆದ ಗಂಡನಿಗೆ ಗುಂಡಿಕ್ಕುವ ಹೆಂಡತಿ ಅವರೇ. (ಎಪ್ಪತ್ತು ವರ್ಷದ ಹಿಂದಿನ ಚಿತ್ರ, ಕೊಲೆಗಾರ ಯಾರು ಅಂತ ಹೇಳಿದ್ದಕ್ಕೆ ಕ್ಷಮೆ ಇರಲಿ.) ಒಂದೇ ವರ್ಷದಲ್ಲಿ ಶಿವಭಕ್ತನ ಜೊತೆ ಕಾಡಿನಲ್ಲಿ ಅಲೆಯುವವಳು, ಪಟ್ಟಣದ ಬಂಗಲೆಯಲ್ಲಿ ಪಿಸ್ತೂಲು ಹಿಡಿಯುವವಳು. ಆಮೇಲೆ ಚಿತ್ರ ನಿರ್ಮಾಣಕ್ಕೂ ಕೈ ಹಾಕಿದರು. ಇಂಥವರನ್ನು ‘ಪಾಪ, ಅಮ್ಮನ ಪಾತ್ರಕ್ಕೆ ತಳ್ಳಿಬಿಟ್ಟರು’ ಎಂದು ಕನಿಕರಿಸುವಾಗ, ಅವರಿಗೆ ಏನು ಬೇಕಾಗಿತ್ತು ಅಂತ ನಾನೇ ತೀರ್ಮಾನ ಮಾಡಿದ ಹಾಗಾಗುತ್ತದೆ.

ಹೊಟ್ಟೆಪಾಡಿನ ಮಾತೂ ಇದೆ. ಆಗ ಕನ್ನಡ ಚಿತ್ರಗಳೂ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ. ಕೋಡಂಬಾಕ್ಕಂ, ವಡಪಳನಿ ಸುತ್ತಮುತ್ತ ಮನೆ ಮಾಡಿಕೊಂಡು, ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ಕನ್ನಡ, ಮಧ್ಯಾಹ್ನ ಇನ್ನೊಂದರಲ್ಲಿ ತಮಿಳು ಅಥವಾ ತೆಲುಗು. ನಾಯಕಿಯಾದರೆ ಒಂದೊಂದು ಭಾಷೆಯವರಿಗೂ ಅವರದೇ ಅಂದಚಂದದ ಹಟ. ತಾಯಿಗೆ ಆ ತಕರಾರಿಲ್ಲ. ನಾಲ್ಕು ಭಾಷೆಯಲ್ಲೂ ತಾಯಿ ಒಂದೇ ಥರ ಅಳುತ್ತಾಳೆ. ಮೇಲಿನ ಮನೆಯ ಹುಡುಗಿ ಹೇಳಿದ ‘ತಿಂಗಳಿಗೆ ಹದಿನೈದು ದಿನ’ದ ಲೆಕ್ಕ ಆಗಲೂ ಇದ್ದಿರಲೇಬೇಕು. ಹತ್ತಾರು ಜನರ ಸಂಸಾರ ಒಬ್ಬ ನಟಿಯ ದುಡಿಮೆಯ ಮೇಲೆ ನಿಂತಿದ್ದ ಮನೆಗಳು ಆ ಕಾಲದಲ್ಲಿ ಎಷ್ಟೋ ಇದ್ದವು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನೊಳಗೆ ಒಂದು ಜಗಳ ಉಳಿದಿದೆ. ಅದು ಈಗ ವಯಸ್ಸಿನ ಮೇಲಿನ ಜಗಳವಲ್ಲ, ಬರೆದವರ ಮೇಲಿನದು. ಈ ತಾಯಂದಿರಿಗೆ ಬರೆದದ್ದಾದರೂ ಏನು? ಕೆಮ್ಮು. ದೇವರ ಮನೆ. ಮಗ ತಡವಾಗಿ ಬಂದಾಗ ಮುಚ್ಚಿಟ್ಟ ತಟ್ಟೆ. ಗಂಡನ ಫೋಟೋಗೆ ಹಾರ. ‘ನಿನ್ನ ಮದುವೆ ನೋಡಿ ಕಣ್ಣು ಮುಚ್ಚಿದರೆ ಸಾಕು ಮಗಾ.’ ಹಾದಿ ತಪ್ಪಿದ ಗಂಡನಿಗೆ ಗುಂಡಿಕ್ಕಬಲ್ಲವಳ ಕೈಗೆ ಮೂವತ್ತು ವರ್ಷ ಆರತಿ ತಟ್ಟೆ ಕೊಟ್ಟರು. ‘ಗೆಜ್ಜೆಪೂಜೆ’ಯ ಅಪರ್ಣಾಳಂಥ ತಾಯಿ, ತಾನು ಸಿಕ್ಕಿಹಾಕಿಕೊಂಡ ಬಲೆಯಿಂದ ಮಗಳನ್ನು ತಪ್ಪಿಸಲು ಒದ್ದಾಡುವವಳು, ಎಷ್ಟು ಸಲ ಸಿಕ್ಕಳು? ಅದೂ ಎಂ.ಕೆ. ಇಂದಿರಾ ಕಾದಂಬರಿಯಲ್ಲಿ ಮೊದಲೇ ಇದ್ದಳು, ಸಿನಿಮಾದವರು ತಾವಾಗಿ ಹುಟ್ಟಿಸಿದ್ದಲ್ಲ.

ಹೋದ ವಾರ ಮೇಲಿನ ಮನೆಯ ಹುಡುಗಿಗೆ ಒಂದು ಭಾನುವಾರ ರಜೆ ಇತ್ತು. ಕರೆದು ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟು, ಟಿವಿಗೆ ಮೊಬೈಲ್ ಜೋಡಿಸಿ ‘ಬೇಡರ ಕಣ್ಣಪ್ಪ’ ಹಾಕಿದೆ. ಗೆರೆ ಬಿದ್ದ ಪ್ರಿಂಟು. ದನಿ ಅಲ್ಲಲ್ಲಿ ಗೊರಗೊರ. ಅವಳು ಮೊದಲು ಮೊಬೈಲ್ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಅದನ್ನು ಕೆಳಗಿಟ್ಟಳು. ನೀಲಾ ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದಳು. ನಾನು ‘ಅನುರಾಗ ಅರಳಿತು’ ಕಥೆ, ಅಜ್ಜಿ ಕಥೆ ಎಲ್ಲ ಹೇಳಿದೆ. ಅವಳಿಗೆ ನನ್ನ ತರ್ಕಗಳಲ್ಲಿ ಆಸಕ್ತಿ ಇದ್ದ ಹಾಗೆ ಕಾಣಲಿಲ್ಲ. ‘ಅಕ್ಕ, ತಾಯಿ ಪಾತ್ರದಲ್ಲಿ ಕಷ್ಟ ಯಾವ್ದು ಗೊತ್ತಾ?’ ಎಂದಳು. ‘ಅಳೋದಾ?’ ‘ಅಯ್ಯೋ ಅಳೋದು ಸುಲಭ. ಕೈ. ಮುಖಕ್ಕೆ, ತಲೆಗೆ ಏನಾದ್ರೂ ಹಚ್ತಾರೆ. ಕೈಗೆ ಯಾರೂ ಹಚ್ಚಲ್ಲ. ಕೈ ನೋಡಿದ್ರೆ ವಯಸ್ಸು ಗೊತ್ತಾಗ್ಬಿಡುತ್ತೆ. ಅದಕ್ಕೇ ನಾನು ಯಾವಾಗ್ಲೂ ಸೆರಗಿನೊಳಗೆ ಇಟ್ಕೊಂಡಿರ್ತೀನಿ.’ ಎದ್ದು ನಿಂತು, ಹೆಗಲ ಮೇಲಿನ ದುಪ್ಪಟ್ಟಾ ಎಳೆದುಕೊಂಡು ಎರಡೂ ಕೈ ಒಳಗೆ ಸೇರಿಸಿ, ಭುಜ ಸ್ವಲ್ಪ ಕುಗ್ಗಿಸಿದಳು ನೋಡಿ. ನನ್ನ ಸೋಫಾದ ಮುಂದೆ ಐವತ್ತೈದರ ಹೆಂಗಸೊಬ್ಬಳು ನಿಂತಿದ್ದಳು. ಮರುಗಳಿಗೆ ದುಪ್ಪಟ್ಟಾ ಬಿಟ್ಟು, ‘ಇನ್ನೊಂಚೂರು ಅವಲಕ್ಕಿ ಇದ್ಯಾ?’ ಅಂದಳು.

ಮೊನ್ನೆ ತಿಪಟೂರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಅದೇ ನಡುಮನೆ, ಗೋಡೆಗೆ ದೊಡ್ಡ ಟಿವಿ ಬಂದಿದೆ, ಅಮ್ಮ ಅದರ ಮುಂದೆ. ಏಳೂವರೆಗೆ ಅವಳ ಧಾರಾವಾಹಿ. ಮಗ ಏನೋ ತಪ್ಪು ಮಾಡಿ ಬಂದಿದ್ದಾನೆ, ತಾಯಿ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಾಳೆ. ಕೈ ಸೆರಗಿನೊಳಗಿತ್ತು. ‘ಈ ಅಮ್ಮ ಚೆನ್ನಾಗ್ ಮಾಡ್ತಾಳೆ ಕಣೇ’ ಎಂದರು ಅಮ್ಮ. ‘ಸುಮ್ಸುಮ್ನೆ ಅಳಲ್ಲ. ಎಷ್ಟಿರಬಹುದು ವಯಸ್ಸು? ಐವತ್ತೈದು?’

‘ಇರಬಹುದು’ ಎಂದೆ.